ಹ್ಯೂಮಿಕ್ ಆ್ಯಸಿಡ್: ಮಣ್ಣಲ್ಲೇ ಇತ್ತಾ, ಪಾತ್ರೆಯಲ್ಲಿ ಹುಟ್ಟಿತಾ?

ಪುಣೆಯ ನಮ್ಮ ಸೊಸೈಟಿ ಹಿಂದಿನ ಪುಟ್ಟ ಜಾಗದಲ್ಲಿ ಬದನೆ, ಟೊಮ್ಯಾಟೊ ಹಾಕಿದ್ದೀನಿ. ಗಟ್ಟಿ ಕಪ್ಪು ಮಣ್ಣು. ಮಣ್ಣು ಸಡಿಲ ಆಗುತ್ತೆ ಅಂತ ಆನ್‌ಲೈನಲ್ಲಿ ಹ್ಯೂಮಿಕ್ ಆ್ಯಸಿಡ್ ತರಿಸಿದೆ. ಡಬ್ಬಿ ಮೇಲೆ ‘ಪೊಟ್ಯಾಷಿಯಂ ಹ್ಯೂಮೇಟ್, ಶೇ. 98’ ಅಂತಿತ್ತು. ಊರಿಂದ ಬಂದಿದ್ದ ಅಪ್ಪ ಅದನ್ನ ತಿರುಗಿಸಿ ನೋಡಿ, “ತಿಪ್ಪೆಗೊಬ್ಬರದಲ್ಲಿ ಇಲ್ಲದ್ದು ಇದರಲ್ಲೇನಿದೆಯೋ?” ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕ್ತಾ ಹೋಗಿ 1786ಕ್ಕೆ ಬಂದು ನಿಂತೆ.

ಆ ವರ್ಷ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಫ್ರಾನ್ಸ್ ಕಾರ್ಲ್ ಆಖಾರ್ಡ್ (ಬೀಟ್‌ರೂಟ್ ಜಾತಿಯ ಗೆಡ್ಡೆಯಿಂದ ಸಕ್ಕರೆ ತೆಗೆಯೋ ಕಾರ್ಖಾನೆ ಹಾಕಿದವನೂ ಇವನೇ) ಜೌಗು ನೆಲದ ಪೀಟ್ ತಗೊಂಡು ಕ್ಷಾರದ ದ್ರಾವಣದಲ್ಲಿ ನೆನೆಸಿದ. ಡಿಕಾಕ್ಷನ್ ಥರ ಕಪ್ಪು ನೀರು ಬಂತು. ಅದಕ್ಕೆ ಆ್ಯಸಿಡ್ ಹಾಕಿದ, ಕಪ್ಪು ಗಸಿ ತಳ ಸೇರಿತು. ಆ ಗಸಿಗೇ ಮುಂದೆ ಹ್ಯೂಮಿಕ್ ಆ್ಯಸಿಡ್ ಅಂತ ಹೆಸರಾಯ್ತು. ಇಲ್ಲೊಂದು ಸೂಕ್ಷ್ಮ ಇದೆ: ಇದು ಒಂದು ನಿರ್ದಿಷ್ಟ ಅಣುವಿನ ಹೆಸರಲ್ಲ, ಕ್ಷಾರದಲ್ಲಿ ಕರಗಿ ಆ್ಯಸಿಡ್‌ನಲ್ಲಿ ಕೆಳಗೆ ಕೂರೋದಕ್ಕೆಲ್ಲ ಇಟ್ಟ ಹೆಸರು.

ಗಿಡದ ಊಟವೇ ಈ ಹ್ಯೂಮಸ್ ಅಂತ ಆಲ್ಬ್ರೆಕ್ಟ್ ಥೇರ್ 1809ರಿಂದ ಬರೆದ. ಸ್ಪ್ರೆಂಗೆಲ್, ಆಮೇಲೆ 1840ರಲ್ಲಿ ಲೀಬಿಗ್ ಅದನ್ನ ಒಡೆದುಹಾಕಿದರು. ಲೀಬಿಗ್ ಲೆಕ್ಕವೇ ಹಾಕಿದ: ಹ್ಯೂಮಸ್ ನೀರಲ್ಲಿ ಕರಗೋದು ಎಷ್ಟು ಕಮ್ಮಿ ಅಂದ್ರೆ, ಬೆಳೆಯೊಳಗಿನ ಇಂಗಾಲ ಅಲ್ಲಿಂದ ಬರೋಕೆ ಸಾಧ್ಯವೇ ಇಲ್ಲ, ಗಾಳಿಯಿಂದಲೇ ಬರಬೇಕು. ಅಲ್ಲಿಂದ ರಾಸಾಯನಿಕ ಗೊಬ್ಬರದ ಕಾಲ ಶುರು. 1936ರಲ್ಲಿ ಸೆಲ್ಮನ್ ವಾಕ್ಸ್‌ಮನ್, ಮುಂದೆ ಸ್ಟ್ರೆಪ್ಟೊಮೈಸಿನ್‌ಗೆ ನೊಬೆಲ್ ಪಡೆದವರು, ಹ್ಯೂಮಿಕ್ ಆ್ಯಸಿಡ್ ಅನ್ನೋ ಹೆಸರನ್ನೇ ಕೈಬಿಡಿ ಅಂದರು. ಯಾರೂ ಬಿಡಲಿಲ್ಲ.

2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಮನ್ ಮತ್ತು ಕ್ಲೇಬರ್ ಮತ್ತೆ ಅದೇ ಮಾತೆತ್ತಿದರು. ಹೊರತೆಗೆಯೋ ಕ್ಷಾರದ ಪಿಎಚ್ ಸುಮಾರು 13. ಯಾವ ಹೊಲದ ಮಣ್ಣೂ ಹಾಗಿರಲ್ಲ. ಹಾಗಾದ್ರೆ ಪಾತ್ರೆಯಲ್ಲಿ ಸಿಕ್ಕಿದ್ದು ಮಣ್ಣಲ್ಲಿ ಇತ್ತಾ, ತೆಗೆಯುವಾಗ ಆಯ್ತಾ? ಡೀಬಗ್ಗರ್ ಹಚ್ಚಿದಾಗ ಮಾತ್ರ ಕಾಣೋ ಬಗ್ ನೋಡಿದವರಿಗೆ ಈ ಅನುಮಾನ ಬೇಗ ಅರ್ಥ ಆಗುತ್ತೆ. ಇದನ್ನ ಒಪ್ಪದ ವಿಜ್ಞಾನಿಗಳೂ ಇದ್ದಾರೆ, ಜಗಳ ಇನ್ನೂ ನಡೀತಿದೆ.

ಹಾಗಂತ ಡಬ್ಬಿಯಲ್ಲಿರೋದು ಸುಳ್ಳಲ್ಲ. ಸಾಮಾನ್ಯವಾಗಿ ಅದು ಲಿಗ್ನೈಟ್ ಜಾತಿಯ ಕಂದು ಕಲ್ಲಿದ್ದಲು, ಅಥವಾ ಅದರ ಉತ್ಕರ್ಷಣಗೊಂಡ ರೂಪ ಲಿಯೋನಾರ್ಡೈಟ್ (ಅಮೆರಿಕದ ನಾರ್ತ್ ಡಕೋಟಾದ ಭೂವಿಜ್ಞಾನಿ ಲಿಯೊನಾರ್ಡ್ ಹೆಸರು), ಪೊಟ್ಯಾಷಿಯಂ ಕ್ಷಾರದಲ್ಲಿ ಕರಗಿಸಿದ್ದು. ಚೆನ್ನೈಯವರೇ, ನಿಮ್ಮ ನೈವೇಲಿಯಲ್ಲಿ ಅಗೆಯೋದೂ ಲಿಗ್ನೈಟೇ. ಬೇರು ಹೆಚ್ಚು ಬಿಟ್ಟಿದ್ದನ್ನ ಎಷ್ಟೋ ಪ್ರಯೋಗಗಳು ತೋರಿಸಿವೆ. ಆದರೆ ಮಣ್ಣು, ಬೆಳೆ, ಪ್ರಮಾಣ ಬದಲಾದಂತೆ ಫಲವೂ ಬದಲಾಗುತ್ತೆ. ನಾವು ಕುಂಡಕ್ಕೆ ಹಾಕೋ ಕೆಲವು ಗ್ರಾಮಿನಿಂದ ಮಣ್ಣಿನ ಸಾವಯವ ಇಂಗಾಲ ಏರಲ್ಲ. ಅದಕ್ಕೆ ಗೊಬ್ಬರ ಬುಟ್ಟಿಗಟ್ಟಲೆ ಬೇಕು.

ಈಗ ಅರ್ಧ ಸಾಲಿಗೆ ಡಬ್ಬಿಯದ್ದು, ಅರ್ಧಕ್ಕೆ ಅಡುಗೆಮನೆ ಕಸದ ಗೊಬ್ಬರ. ಫೋನ್ ಮಾಡಿದಾಗೆಲ್ಲ ಅಪ್ಪ ಮೊದಲು ಕೇಳೋದು ಎರಡನೇ ಸಾಲಿನ ಬದನೆ ಬಗ್ಗೆ.