ಭಂಗಿಯ ಗಿಡ: ಬಯಲಿನಿಂದ ಕೋಣೆಗೆ

ಸುರಪುರ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ತಡಿಯಲ್ಲಿರುವ ತಿಂಥಿಣಿಯು ಮೌನೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಕ್ಷೇತ್ರವು. ಆದಿಲಶಾಹಿಯ ಕಾಲದವನೆಂದು ಪ್ರತೀತಿಯುಳ್ಳ ಈ ಮಹಾತ್ಮನು ವಿಶ್ವಕರ್ಮ ಕುಲದಲ್ಲಿ ಜನಿಸಿದವನಾದರೂ ಹಿಂದೂ ಮುಸಲ್ಮಾನರಿಬ್ಬರ ಭಕ್ತಿಗೂ ಪಾತ್ರನಾದನು. ಚಳಿಗಾಲದಲ್ಲಿ ನೆರೆಯುವ ಇಲ್ಲಿಯ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾದ ಚಿಕ್ಕ ಪೊಟ್ಟಣವು ಪ್ರಸಾದರೂಪವಾಗಿ ಸಲ್ಲುವ ವಾಡಿಕೆಯುಂಟೆಂಬ ಸಂಗತಿಯನ್ನು ೨೦೨೦ರಲ್ಲಿ ವೃತ್ತಪತ್ರಿಕೆಗಳು ಪ್ರಕಟಿಸಿದಾಗ ದೂರದ ಪಟ್ಟಣಿಗರು ಬೆರಗಾದರು, ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಆದರೆ ಶರಣ, ಆರೂಢ, ಅವಧೂತ ಪರಂಪರೆಗಳ ಸಂಪರ್ಕವುಳ್ಳ ಈ ಸೀಮೆಯ ಹಿರಿಯರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಧ್ಯಾನಕ್ಕೆ ಸಾಧನವೆಂದು ಒಬ್ಬರು ಕೈಮುಗಿಯುವ ಗಿಡವೇ ಇನ್ನೊಬ್ಬರಿಗೆ ಸೆರೆಮನೆಯ ಬಾಗಿಲನ್ನು ತೆರೆಯುವ ಗಿಡವೂ ಆಗಿರುವುದು. ಈ ವೈಪರೀತ್ಯವು ಹೇಗೆ ಒದಗಿತೆಂಬುದನ್ನು ಅರಿಯಬೇಕಾದರೆ ಆ ಸಸ್ಯದ ಪೂರ್ವವೃತ್ತಾಂತವನ್ನು ಕೊಂಚ ವಿವರವಾಗಿ ನೋಡಬೇಕು.

ಕನ್ನಡದಲ್ಲಿ ಭಂಗಿಯೆಂದು ಕರೆಯಲ್ಪಡುವ ಈ ಗಿಡಕ್ಕೆ ಸಂಸ್ಕೃತದಲ್ಲಿ ಭಂಗಾ ಎಂಬುದು ಅತಿ ಪ್ರಾಚೀನವಾದ ಹೆಸರು. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮನನ್ನು ಒಡೆಯನನ್ನಾಗಿ ಉಳ್ಳ ಸಸ್ಯಗಳನ್ನು ಹೆಸರಿಸುವಲ್ಲಿ ದರ್ಭೆ, ಜವೆಗಳ ಜತೆಗೆ ಭಂಗವೂ ಬಂದಿದೆ. ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಎಳ್ಳು, ಉದ್ದು, ಅಗಸೆ ಮುಂತಾದ ಬೆಳೆಗಳ ಹೊಲಗಳಿಗೆ ಹೆಸರು ಹುಟ್ಟುವ ಕ್ರಮವನ್ನು ಹೇಳುವಾಗ ಭಂಗಾ ಶಬ್ದವನ್ನೂ ಸೇರಿಸಿರುವನು. ಎಳ್ಳಿನ ಹೊಲವು ತಿಲ್ಯ ಅಥವಾ ತೈಲೀನವಾದಂತೆ ಭಂಗೆಯ ಹೊಲವು ಭಂಗ್ಯ ಅಥವಾ ಭಾಂಗೀನವಾಗುವುದು. ವೈಯಾಕರಣನಿಗೆ ಬೇಕಾದುದು ಪ್ರತ್ಯಯವೊಂದೇ. ಇತಿಹಾಸವನ್ನು ಅರಸುವವನಿಗಾದರೋ ಇಲ್ಲೊಂದು ಮುಖ್ಯವಾದ ಸಂಗತಿಯು ದೊರೆಯುತ್ತದೆ. ನಾರಿಗಾಗಿಯೋ ಬೀಜಕ್ಕಾಗಿಯೋ ಮತ್ತಾವುದಕ್ಕಾಗಿಯೋ, ಅಂತು ಈ ಗಿಡವು ಎಳ್ಳು ಉದ್ದುಗಳ ಸಾಲಿನಲ್ಲಿ, ಹಗಲು ಬೆಳಕಿನಲ್ಲಿ, ಎಲ್ಲರೂ ಕಾಣುವಂತೆ ಹೊಲದಲ್ಲಿ ಬೆಳೆಯುತ್ತಿದ್ದಿತು.

ಮಾದಕತೆಯ ಮಾತು ಗ್ರಂಥಗಳಲ್ಲಿ ಸ್ಪಷ್ಟವಾಗಿ ಬರುವುದು ಬಹು ಕಾಲದ ಮೇಲೆ. ಶಾರ್ಙ್ಗಧರ ಸಂಹಿತೆಯು ಭಂಗೆಯನ್ನು ಅಫೀಮಿನ ಜತೆಗಿಟ್ಟು, ಜೀರ್ಣವಾಗುವ ಮುನ್ನವೇ ದೇಹವನ್ನೆಲ್ಲ ವ್ಯಾಪಿಸುವ ವ್ಯವಾಯಿ ದ್ರವ್ಯವೆಂದು ಎಣಿಸಿತು. ೧೬ನೆಯ ಶತಮಾನದ ಭಾವಮಿಶ್ರನು ಇದಕ್ಕೆ ವಿಜಯಾ, ಜಯಾ, ಮಾದಿನಿಯೆಂಬ ಪರ್ಯಾಯನಾಮಗಳನ್ನು ಕೊಟ್ಟನು. ಜಯವನ್ನು ಕೊಡುವವಳೂ ಮದವನ್ನು ತರುವವಳೂ ಒಬ್ಬಳೇ ಎಂಬ ಎಚ್ಚರಿಕೆಯು ಆ ಹೆಸರುಗಳಲ್ಲಿಯೇ ಅಡಗಿರುವುದು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಗೋವೆಯಲ್ಲಿದ್ದ ಪೋರ್ತುಗೀಜ ವೈದ್ಯ ಗಾರ್ಸಿಯಾ ದ ಓರ್ತನು ೧೫೬೩ರಲ್ಲಿ ಅಚ್ಚಾದ ತನ್ನ ಸಂವಾದಗಳಲ್ಲಿ ಭಂಗಿಯ ಗುಣಗಳನ್ನು ವರ್ಣಿಸಿದನು. ೧೭೮೫ರಲ್ಲಿ ಫ್ರಾನ್ಸಿನ ಲಾಮಾರ್ಕನು ಹಿಂದುಸ್ಥಾನದ ಗಿಡವನ್ನು ಯೂರೋಪಿನ ಸೆಣಬಿನಿಂದ ಬೇರ್ಪಡಿಸಿ ಅದಕ್ಕೆ ಪ್ರತ್ಯೇಕವಾದ ಹೆಸರನ್ನಿಟ್ಟನು. ೧೮೩೯ರಲ್ಲಿ ಕಲಕತ್ತೆಯ ಓಶಾಘ್ನೆಸಿಯು ಧನುರ್ವಾತ ಮುಂತಾದ ರೋಗಗಳಲ್ಲಿ ಇದನ್ನು ಪರೀಕ್ಷಿಸಿ ತನ್ನ ಅನುಭವವನ್ನು ಪ್ರಕಟಿಸಿದ ತರುವಾಯ ಪಶ್ಚಿಮದ ಔಷಧಾಲಯಗಳಲ್ಲಿಯೂ ಭಂಗಿಗೆ ಸ್ಥಾನವಾಯಿತು.

ಈ ಸಸ್ಯದ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ವಿಚಾರಣೆಯು ನಡೆದುದು ೧೮೯೩-೯೪ರಲ್ಲಿ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಪರಿಣಾಮವಾಗಿ ಮ್ಯಾಕ್‌ವರ್ತ್ ಯಂಗನ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಮೂವರು ಹಿಂದೀ ಸದಸ್ಯರೂ ಅದರಲ್ಲಿದ್ದರು. ಆಯೋಗವು ೧,೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು. ಅದರ ವರದಿಯು ಏಳು ಸಂಪುಟಗಳಾಯಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದ ಬಳಕೆಯಿಂದ ಕೇಡುಂಟು, ಸಂಪೂರ್ಣ ನಿಷೇಧವು ಉಚಿತವಲ್ಲ, ತೆರಿಗೆ ಮತ್ತು ಪರವಾನಗಿಗಳಿಂದ ಅಂಕೆಯಲ್ಲಿಡುವುದೇ ಲೇಸು ಎಂದು ಅದು ನಿರ್ಣಯಿಸಿತು. ಸಾಧುಗಳೂ ಫಕೀರರೂ ಈ ಸೊಪ್ಪಿನಲ್ಲಿ ಇಟ್ಟಿದ್ದ ಪೂಜ್ಯಭಾವವನ್ನು ಕುರಿತು ಮುಂಬಯಿಯ ಅಧಿಕಾರಿ ಕ್ಯಾಂಬೆಲ್ಲನು ಬರೆದ ಟಿಪ್ಪಣಿಯು ಆ ವರದಿಯಲ್ಲಿ ಸೇರಿದೆ. ತಿಂಥಿಣಿಯಂಥ ಕ್ಷೇತ್ರಗಳ ಆಚಾರವನ್ನು ವಿಚಾರಿಸುವವರು ಅದನ್ನು ಅವಶ್ಯವಾಗಿ ನೋಡಬೇಕು.

ಬೇಸಾಯದ ವಿಷಯದಲ್ಲಿ ಆ ಕಾಲದ ವರದಿಗಳು ತಿಳಿಸುವ ಸಂಗತಿಗಳು ಇನ್ನೂ ಸ್ವಾರಸ್ಯವಾದುವು. ೧೮೭೭ರಲ್ಲಿ ಹೇಮಚಂದ್ರ ಕೇರರೂ ೧೮೯೩ರಲ್ಲಿ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನನೂ ಬಂಗಾಲದ ಗಾಂಜಾ ಬೇಸಾಯವನ್ನು ಕುರಿತು ಬರೆದರು. ಇಂದು ಬಾಂಗ್ಲಾದೇಶದಲ್ಲಿರುವ ನಾವ್‌ಗಾಂವಿನ ಸುತ್ತಲೂ ಸರಕಾರದ ಪರವಾನಗಿಯಿಂದ ಈ ಬೆಳೆಯು ನಡೆಯುತ್ತಿದ್ದಿತು. ನೀರು ನಿಲ್ಲದ ಎತ್ತರದ ಹೊಲವನ್ನು ಆರಿಸುವರು. ಮರದ ನೆರಳು ಬೀಳದಂತೆ ನೋಡುವರು. ಮಳೆಗಾಲದ ಕೊನೆಗೆ ಸಸಿಗಳನ್ನು ನೆಡುವರು. ಪೊದ್ದಾರನೆಂಬ ನಿಪುಣನು ಹೊಲವನ್ನೆಲ್ಲ ಸುತ್ತಿ ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕಿಸುವನು. ಉಳಿದ ಹೆಣ್ಣು ಗಿಡಗಳು ಬೀಜಗಟ್ಟದೆ ಹೂಗೊಂಚಲಿನಲ್ಲಿ ಅಂಟನ್ನು ತುಂಬಿಕೊಂಡು ಮಾಘಮಾಸದ ಹೊತ್ತಿಗೆ ಕೊಯ್ಲಿಗೆ ಬರುವುವು. ಮಾಲನ್ನು ಸರಕಾರದ ಉಗ್ರಾಣದಲ್ಲಿ ತೂಗಿ ಇಡಬೇಕಾಗಿದ್ದಿತು.

ಈ ಕ್ರಮದಲ್ಲಿರುವ ಜಾಣ್ಮೆಯನ್ನು ವಾಚಕರು ಗಮನಿಸಬೇಕು. ಭಂಗಿಯ ಹೂಗೊಂಚಲು ಒತ್ತಾಗಿ ಹೆಣೆದುಕೊಂಡಿರುವುದರಿಂದ ಒಳಗೆ ಸೇರಿದ ತೇವವು ಬೇಗನೆ ಆರುವುದಿಲ್ಲ. ಗಾಳಿಯಲ್ಲಿ ಪಸೆಯು ಹೆಚ್ಚಿದರೆ ಅಲ್ಲಿ ಬೂಷ್ಟು ಹಿಡಿಯುವುದು. ಎಲೆಯ ಮೇಲೆ ಬೂದಿರೋಗವೂ ಚುಕ್ಕೆರೋಗವೂ ಕಾಣಿಸಿಕೊಳ್ಳುವುವು. ಹಿಂದಿನ ಒಕ್ಕಲಿಗನು ಈ ಶತ್ರುವಿನೊಡನೆ ಕಾದಾಡಲಿಲ್ಲ. ಅದು ಇಲ್ಲದ ಋತುವಿಗೆ ಹೂವನ್ನು ಒಪ್ಪಿಸಿದನು. ಯಾದಗಿರಿ, ಶಹಾಪುರ, ಸುರಪುರಗಳ ಎರೆಹೊಲದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯು ಹಿಂದೆಗೆದ ಮೇಲೆ ಬಿತ್ತಿ, ಚಳಿಯ ಒಣಹವೆಯಲ್ಲಿ ತೆನೆ ಬಲಿಸಿ, ಜಾತ್ರೆಗಳ ದಿನಗಳಲ್ಲಿ ಕೊಯ್ಯುವ ಹಿಂಗಾರಿ ಜೋಳದ ಪಂಚಾಂಗವೂ ಇದೇ. ಮುಂಗಾರಿನಲ್ಲಿ ತೆನೆಯಾದ ಜೋಳಕ್ಕೆ ಮಳೆ ಹೊಡೆದರೆ ಕಾಳು ಕಪ್ಪಾಗುವುದನ್ನು ಇಲ್ಲಿಯ ಮಕ್ಕಳೂ ಬಲ್ಲರು.

ಈ ಸೀಮೆಯ ರಾಜ್ಯವ್ಯವಸ್ಥೆಯೂ ಹವೆಯೂ ಒಂದೇ ತೆರನಾಗಿ ಉಳಿಯಲಿಲ್ಲ. ೧೮೫೮ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವು ಅಳಿಯಿತು. ೧೮೬೦ರಲ್ಲಿ ಸುರಪುರವು ನಿಜಾಮನಿಗೆ ಸೇರಿತು. ೧೯೪೮ರಲ್ಲಿ ನಿಜಾಮನ ಆಳ್ವಿಕೆಯು ಮುಗಿದು, ೧೯೫೬ರಲ್ಲಿ ಈ ಭಾಗವು ಕನ್ನಡ ರಾಜ್ಯಕ್ಕೆ ಕೂಡಿತು. ೧೯೬೪ರಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದು, ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಗಳು ಹರಿದ ಮೇಲೆ ಸುರಪುರ ಶಹಾಪುರಗಳ ಒಣಹೊಲಗಳಲ್ಲಿ ಬತ್ತದ ಗದ್ದೆಗಳು ಹಸುರಾದುವು. ಸಮೃದ್ಧಿಯು ಬಂದಿತು, ಜತೆಗೆ ಹೊಲದಲ್ಲಿ ತೇವವೂ, ಬತ್ತದ ಬೆಂಕಿರೋಗ, ಮೆಣಸಿನ ಗಿಡದ ಬೂದಿರೋಗಗಳಿಗೆ ಔಷಧ ಸಿಂಪಡಿಸುವ ವೆಚ್ಚವೂ ಬಂದುವು.

ಅತ್ತ ಕಾನೂನು ಕೂಡ ಮಾರ್ಪಟ್ಟಿತು. ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಯು ಔಷಧಕ್ಕಲ್ಲದ ಭಂಗಿಯ ಬಳಕೆಯನ್ನು ೨೫ ವರುಷಗಳೊಳಗೆ ನಿಲ್ಲಿಸಬೇಕೆಂದು ವಿಧಿಸಿತು. ಭಾರತವು ೧೯೮೫ರಲ್ಲಿ ಮಾದಕ ದ್ರವ್ಯಗಳ ಅಧಿನಿಯಮವನ್ನು ಮಾಡಿತು. ಅದರಂತೆ ಹೂವಿನ ತುದಿಯೇ ಗಾಂಜಾ. ಹೂದುದಿಯೊಡನೆ ಕೂಡಿರದ ಎಲೆ ಬೀಜಗಳು ಆ ಲಕ್ಷಣದ ಹೊರಗೆ ಉಳಿದುವು. ಪರವಾನಗಿಯಿಲ್ಲದೆ ಗಿಡವನ್ನು ಬೆಳೆಸಿದವನಿಗೆ ೧೦ ವರುಷಗಳವರೆಗಿನ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವೂ ಪ್ರಾಪ್ತವಾಗಬಹುದು. ಪ್ರಸಾದವೆಂಬ ಕಾರಣಕ್ಕೆ ಅಲ್ಲಿ ವಿನಾಯಿತಿಯಿಲ್ಲ. ಪಾಣಿನಿಯ ಭಾಂಗೀನವು ಹೀಗೆ ಅಪರಾಧದ ಸ್ಥಳವಾಯಿತು. ಗಿಡವು ಹತ್ತಿ ತೊಗರಿಗಳ ಸಾಲಿನ ಮರೆಯನ್ನು ಸೇರಿತು. ಅಲ್ಲಿಯೂ ಪೋಲೀಸರೂ ಅಬಕಾರಿಯವರೂ ಅದನ್ನು ಕಂಡು ಕಿತ್ತರು.

ಬಯಲಿನಲ್ಲಿ ಎಡೆ ತಪ್ಪಿದ ಗಿಡವು ಕೊನೆಗೆ ಕೋಣೆಯನ್ನು ಹೊಕ್ಕಿತು. ಈ ಪ್ರವೇಶಕ್ಕೆ ವಿಜ್ಞಾನವು ಅರಿಯದೆಯೇ ದಾರಿ ಮಾಡಿದ್ದಿತು. ೧೯೧೨ರಲ್ಲಿ ಫ್ರಾನ್ಸಿನ ತೂರ್ನ್ವಾ ಎಂಬವನು ಸೆಣಬಿನ ಸಸಿಗಳಿಗೆ ಹಗಲನ್ನು ಮೊಟಕುಗೊಳಿಸಿದರೆ ಅವು ಅಕಾಲದಲ್ಲಿ ಹೂಬಿಡುವುದನ್ನು ಕಂಡನು. ೧೯೨೦ರಲ್ಲಿ ಅಮೆರಿಕೆಯ ಗಾರ್ನರ್ ಮತ್ತು ಅಲ್ಲಾರ್ಡರು ಹಗಲಿರುಳುಗಳ ಪ್ರಮಾಣವೇ ಅನೇಕ ಸಸ್ಯಗಳಿಗೆ ಹೂವಿನ ಕಾಲವನ್ನು ಸೂಚಿಸುವುದೆಂದು ಸ್ಥಾಪಿಸಿದರು. ಅಂದ ಮೇಲೆ ದೀಪವನ್ನು ಹೊತ್ತಿಸಿ ಆರಿಸುವವನ ಕೈಯಲ್ಲಿ ದಕ್ಷಿಣಾಯನವೂ ಬಂದಂತಾಯಿತು! ಬಯಲಿನ ಬೆಳೆಯನ್ನು ಸರಕಾರಗಳು ನಾಶಮಾಡತೊಡಗಿದಾಗ ಅಮೆರಿಕೆಯಲ್ಲಿಯೂ ಯೂರೋಪಿನಲ್ಲಿಯೂ ಕಳ್ಳಬೇಸಾಯವು ನೆಲಮಾಳಿಗೆಗಳಿಗೆ ಇಳಿಯಿತು. ಕೆನಡಾದಲ್ಲಿ ೨೦೧೮ರಿಂದ ಅದು ಬಹಿರಂಗವಾದ ಉದ್ಯಮವೇ ಆಗಿದೆ. ಬೆಂಗಳೂರಿನಲ್ಲಿಯೂ ಮನೆಗಳ ಒಳಗೆ ದೀಪದ ಬೆಳಕಿನಲ್ಲಿ ಬೆಳೆಸಿದ ಗಿಡಗಳು ಪೋಲೀಸರ ಕೈಗೆ ಸಿಕ್ಕಿವೆ.

ಆದರೆ ಋತುವನ್ನು ಕೋಣೆಯಿಂದ ಹೊರಗಟ್ಟಿದವನು ಋತುವು ಮಾಡುತ್ತಿದ್ದ ಕೆಲಸವನ್ನೆಲ್ಲ ತಾನೇ ಮಾಡಬೇಕಾಗುವುದು. ಗಿಡವು ಕುಡಿದ ನೀರಿನ ಬಹುಭಾಗವನ್ನು ಎಲೆಗಳಿಂದ ಆವಿಯಾಗಿ ಬಿಡುತ್ತದೆ. ಹೊಲದಲ್ಲಿ ಆ ಆವಿಯನ್ನು ಗಾಳಿಯು ಒಯ್ಯುವುದು; ಮುಚ್ಚಿದ ಕೋಣೆಯಲ್ಲಿ ಅದು ಅಲ್ಲಿಯೇ ತುಂಬುವುದು. ದೀಪವಾರಿದೊಡನೆ ಶೆಕೆಯು ಇಳಿದು, ಗಾಳಿಯು ಹೊರಲಾರದ ತೇವವು ಎಲೆ ಹೂಗಳ ಮೇಲೆ ಇಬ್ಬನಿಯಾಗಿ ಕೂಡುವುದು. ಬೂಷ್ಟಿಗೆ ಇದಕ್ಕಿಂತ ಬೇರೆ ಆಮಂತ್ರಣವು ಬೇಕಿಲ್ಲ. ಬೀಸಣಿಗೆ, ಶೀತಯಂತ್ರ, ಗಾಳಿಯ ಪಸೆಯನ್ನು ಹೀರುವ ಯಂತ್ರ, ಇವೆಲ್ಲವನ್ನೂ ಹೂಡಿದರೂ ಒಂದು ಎಲೆಯಲ್ಲಿ ಕಂಡ ಬೂದಿಯು ಕೆಲವೇ ದಿನಗಳಲ್ಲಿ ಕೋಣೆಯನ್ನೆಲ್ಲ ಆವರಿಸುವುದುಂಟು. ಆಗ ಲಾಭಕ್ಕೆ ಬಿದ್ದವನು ವಿಷೌಷಧವನ್ನು ಸಿಂಪಡಿಸುವನು. ಇಲ್ಲವೆ ಬೂಷ್ಟು ಹಿಡಿದ ಮಾಲನ್ನೇ ಒಣಗಿಸಿ ಮಾರುವನು. ಅನ್ನದೊಡನೆ ಉಣ್ಣುವ ಕಾಯಿಪಲ್ಲೆಯನ್ನಾದರೂ ತೊಳೆಯಬಹುದು. ಹೊಗೆಯಾಗಿ ನೇರವಾಗಿ ಶ್ವಾಸಕೋಶವನ್ನು ಸೇರುವ ಪದಾರ್ಥವನ್ನು ತೊಳೆಯುವುದೆಲ್ಲಿ? ಕಳ್ಳಮಾಲಿಗೆ ಪೊದ್ದಾರನೂ ಇಲ್ಲ, ಉಗ್ರಾಣದ ಪರೀಕ್ಷೆಯೂ ಇಲ್ಲ.

ಹಾಗೆಂದು ಹಿಂದಿನದೆಲ್ಲವೂ ನಿರ್ದುಷ್ಟವಾಗಿತ್ತೆಂದು ಹೇಳಲಾಗದು. ಎಳೆಯ ವಯಸ್ಸಿನಲ್ಲಿ ಈ ಚಟಕ್ಕೆ ಬಿದ್ದವರಲ್ಲಿ ಬುದ್ಧಿವಿಕಲ್ಪದ ಭಯವು ಹೆಚ್ಚೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ; ದೀಪದಡಿಯಲ್ಲಿ ಆರಿಸಿ ಬೆಳೆಸಿದ ತಳಿಗಳ ಮದವು ಹಳೆಯ ಹೊಲದ ಗಿಡದ್ದಕ್ಕಿಂತ ಬಹಳ ತೀಕ್ಷ್ಣವಾದುದು. ಆಯೋಗವು ೧೮೯೪ರಲ್ಲಿ ಹೇಳಿದ ಮಾತನ್ನು ಈ ಹೊಸ ಮಾಲಿಗೆ ಹೊಂದಿಸುವುದು ಸರಿಯಲ್ಲ. ಕಾನೂನಿನ ಗಾಳಿಯೂ ಮತ್ತೆ ತಿರುಗುವಂತೆ ತೋರುತ್ತದೆ. ೨೦೧೮ರಲ್ಲಿ ಉತ್ತರಾಖಂಡವು ನಾರಿನ ಸೆಣಬಿಗೆ ಪರವಾನಗಿಯನ್ನು ಕೊಡತೊಡಗಿತು; ೨೦೨೦ರ ಡಿಸೆಂಬರದಲ್ಲಿ ಭಂಗಿಯನ್ನು ವಿಶ್ವಸಂಸ್ಥೆಯ ಅತಿಕಠಿಣ ಪಟ್ಟಿಯಿಂದ ತೆಗೆಯುವ ನಿರ್ಣಯಕ್ಕೆ ಭಾರತವೂ ಒಪ್ಪಿಗೆಯಿತ್ತಿತು.

ಈ ನಡುವೆ ಸುರಪುರದ ಸೀಮೆಯ ಬಡ ರೈತನ ಸ್ಥಿತಿಯು ವಿಚಾರಾರ್ಹವಾಗಿದೆ. ಹತ್ತಿಯ ಬೆಲೆಯು ಬಿದ್ದ ವರುಷ ಯಾರದೋ ಆಸೆಯ ಮಾತಿಗೆ ಕಿವಿಗೊಟ್ಟು ನಾಲ್ಕು ಗಿಡಗಳನ್ನು ಹಾಕಿದವನು ಕೋರ್ಟಿಗೆ ಅಲೆಯುವನು. ಮಾಲನ್ನು ಕೊಂಡು ಸಾಗಿಸುವವನು ಕಣ್ಣಿಗೆ ಬೀಳುವುದು ಅಪರೂಪ. ತಿಂಥಿಣಿಯ ಸನ್ನಿಧಿಯಲ್ಲಿ ಈ ಸೊಪ್ಪಿಗೆ ಒಂದು ಕಾಲ, ಒಂದು ಸ್ಥಳ, ಒಂದು ಅಳತೆ, ಹಿರಿಯರ ಕಣ್ಣಿನ ಕಾವಲು ಇದ್ದುವು. ಸಂತೆಗೆ ಬಂದ ಮಾಲಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ. ಮೌನೇಶ್ವರನ ಹೆಸರನ್ನು ಹೇಳಿ ವ್ಯಾಪಾರವನ್ನು ಸಮರ್ಥಿಸುವವರೂ, ವ್ಯಾಪಾರವನ್ನು ಕಂಡು ಭಕ್ತರನ್ನು ಹಳಿಯುವವರೂ ಈ ಭೇದವನ್ನು ಅರಿತು ಮಾತನಾಡುವುದು ಒಳ್ಳೆಯದು.