ಗಜನಿಯ ಲೆಕ್ಕ: ಹಿರೇಗುತ್ತಿ ಸುತ್ತಿನ ಉಪ್ಪುನೀರಿನ ಗದ್ದೆಗಳು ಹೇಳುವ ಇತಿಹಾಸ

ಭೂಮಿಯ ಸಂಪನ್ಮೂಲಕ್ಕೆ ಮಿತಿ ಇದೆ, ಆ ಮಿತಿಯೊಳಗೆ ಬದುಕಬೇಕು. ಈ ಮಾತು ಈಗ ಎಲ್ಲ ಕಡೆ ಕೇಳಿಸುತ್ತೆ. ‘ಬೆಳವಣಿಗೆಯ ಮಿತಿಗಳು’ ಎಂಬ ವರದಿ ಹೊರಗೆ ಬಂದದ್ದು 1972ರಲ್ಲಿ. ಅಲ್ಲಿಂದ ಇಲ್ಲಿಯ ತನಕ ಎಷ್ಟೋ ಸಮ್ಮೇಳನ, ಎಷ್ಟೋ ಒಪ್ಪಂದ ಆಗಿವೆ. ಆದರೆ ಮಿತಿ ಅನ್ನೋದು ಹೊಲದಲ್ಲಿ, ನೀರಲ್ಲಿ, ದಿನದ ದುಡಿಮೆಯಲ್ಲಿ ಹೇಗಿರುತ್ತೆ? ಅದನ್ನು ಯಾರು ಕಾಯ್ತಾರೆ, ಯಾರು ಮುರೀತಾರೆ? ಇವತ್ತಿನ ಕಂತಿನಲ್ಲಿ ಈ ಪ್ರಶ್ನೆಯನ್ನ ಕುಮಟಾ ತಾಲ್ಲೂಕಿನ ಹಿರೇಗುತ್ತಿ ಕಡೆಯಿಂದ ನೋಡೋಣ.

ನೀವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾದಿಂದ ಅಂಕೋಲೆ ಕಡೆ ಹೋಗಿದ್ದರೆ ಈ ಜಾಗ ದಾಟಿಯೇ ಇರ್ತೀರಿ. ಮಿರ್ಜಾನ್ ಕೋಟೆ ಕಳೆದ ಮೇಲೆ ಹಿರೇಗುತ್ತಿ, ಆಮೇಲೆ ಗೋಕರ್ಣಕ್ಕೆ ತಿರುಗುವ ಮಾದನಗೇರಿ. ರಸ್ತೆಯ ಪಶ್ಚಿಮಕ್ಕೆ ನೀರು, ಕೆಸರು, ನಡುವೆ ಗೆರೆ ಎಳೆದಂತೆ ಕಟ್ಟೆಗಳು ಕಾಣ್ತವೆ. ಅದು ಅಘನಾಶಿನಿಯ ಅಳಿವೆ, ಅಂದ್ರೆ ನದಿ ಸಮುದ್ರ ಸೇರುವ ಜಾಗ. ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಈ ನದಿ ತದಡಿ ಹತ್ತಿರ ಕಡಲು ಸೇರುತ್ತೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದಲ್ಲಿ ಕಡಲಿನ ಉಪ್ಪುನೀರು ಊರಿನ ಅಂಚಿಗೇ ಬರುತ್ತೆ.

ಈ ಉಪ್ಪುನೀರಿನ ಅಂಚಿನಲ್ಲೇ ಇಲ್ಲಿಯ ಜನ ಭತ್ತ ಬೆಳೆದರು. ಆ ಗದ್ದೆಗೆ ಗಜನಿ ಅಂತ ಹೆಸರು. ಬೆಳೆಯುವ ಭತ್ತ ಕಗ್ಗ.

ಗಜನಿಯ ವರ್ಷ ಹೇಗೆ ನಡೆಯುತ್ತೆ ಅಂತ ಕೇಳಿ. ಮಳೆಗಾಲಕ್ಕೆ ಮುಂಚೆ ಕಟ್ಟೆ ರಿಪೇರಿ ಆಗಬೇಕು. ಕಟ್ಟೆಯಲ್ಲಿ ಮರದ ಹಲಗೆಯ ತೂಬು ಇರುತ್ತೆ, ಅದನ್ನ ಜಂತ್ರಬಾಗಿಲು ಅಂತಾರೆ. ಭರತದ ನೀರು ಒಳಗೆ ಬರದಂತೆ ಅದನ್ನ ಮುಚ್ಚಬೇಕು, ಇಳಿತದಲ್ಲಿ ಒಳಗಿನ ನೀರು ಹೊರಗೆ ಹೋಗಲು ತೆಗೆಯಬೇಕು. ಜೂನ್ ಮಳೆ ಮಣ್ಣಿನ ಉಪ್ಪನ್ನ ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ನದಿ ತಂದ ಗೋಡು ಮಣ್ಣೇ ಸಾಕು. ಎತ್ತರವಾಗಿ ಬೆಳೆಯುವ ಈ ಭತ್ತ ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಬದುಕುತ್ತೆ, ಸ್ವಲ್ಪ ಉಪ್ಪನ್ನೂ ತಡೆಯುತ್ತೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೊಯ್ಲು. ಅದೂ ತೆನೆ ಮತ್ತು ಮೇಲಿನ ಭಾಗ ಮಾತ್ರ, ಕೆಳಗಿನ ಹುಲ್ಲನ್ನ ಗದ್ದೆಯಲ್ಲೇ ಬಿಡ್ತಾರೆ. ಆಮೇಲೆ ಬಾಗಿಲು ತೆಗೆದು ಉಪ್ಪುನೀರನ್ನ ಒಳಗೆ ಬಿಡ್ತಾರೆ. ಆ ನೀರಿನ ಜೊತೆ ಮೀನು, ಸಿಗಡಿ ಮರಿ ಬರ್ತವೆ, ಕೊಳೆಯುವ ಹುಲ್ಲಿನ ಆಶ್ರಯದಲ್ಲಿ ಬೆಳೀತವೆ. ಚಳಿಗಾಲಕ್ಕೆ ಹಕ್ಕಿಗಳು ಬರ್ತವೆ. ಬೇಸಿಗೆ ಮುಗಿಯುವ ಹೊತ್ತಿಗೆ ನೀರು ಹೊರಗೆ, ಮತ್ತೆ ಕಟ್ಟೆ ಕೆಲಸ.

ನಾನು ಓದಿದ್ದು ಕಾಮರ್ಸ್. ಹಾಗಾಗಿ ಇದನ್ನ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಇಲ್ಲಿ ಅಸಲು ಮೂರು: ಮಣ್ಣು, ಭರತ-ಇಳಿತ, ಕಟ್ಟೆ. ಭತ್ತ ಮತ್ತು ಮೀನು ಬಡ್ಡಿ. ಮೊದಲ ಎರಡನ್ನ ಪ್ರಕೃತಿ ಕೊಡುತ್ತೆ. ಮೂರನೆಯದು ಮನುಷ್ಯರು ಪ್ರತಿವರ್ಷ ತುಂಬಬೇಕಾದ ಸವಕಳಿ. ಅದನ್ನ ಒಂದು ವರ್ಷ ತುಂಬದಿದ್ದರೆ ಆ ವರ್ಷದ ಬಡ್ಡಿ ಜೊತೆಗೆ ಮುಂದಿನ ವರ್ಷಗಳ ಅಸಲೂ ಹೋಗುತ್ತೆ. ಯಾಕಂದ್ರೆ ಕಟ್ಟೆ ಒಂದು ಕಡೆ ಒಡೆದರೆ ಉಪ್ಪುನೀರು ಇಂಥವರ ಗದ್ದೆ ಅಂತ ನೋಡಿ ನುಗ್ಗಲ್ಲ. ಇಡೀ ಗಜನಿ ಮುಳುಗುತ್ತೆ. ಅದಕ್ಕೇ ಗಜನಿ ಬೇಸಾಯ ಯಾವತ್ತೂ ಒಬ್ಬರ ಬೇಸಾಯ ಆಗಿರಲಿಲ್ಲ. ಯಾವಾಗ ಬಾಗಿಲು ಮುಚ್ಚಬೇಕು, ಯಾವಾಗ ತೆಗೆಯಬೇಕು, ಯಾರು ಕಟ್ಟೆ ಕಾಯಬೇಕು ಅನ್ನೋದನ್ನ ಎಲ್ಲರೂ ಸೇರಿ ತೀರ್ಮಾನಿಸಲೇಬೇಕಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಹಳೆಯದೆಲ್ಲ ಚೆನ್ನಾಗಿತ್ತು ಅಂತ ಹೇಳೋದು ಸುಲಭ. ಆದರೆ ಭೂಮಿಯ ಒಡೆತನ ಬಹುಪಾಲು ಒಡೆಯರ ಕೈಲಿತ್ತು, ಕೆಸರಲ್ಲಿ ಇಳಿದವರು ಗೇಣಿದಾರರು ಮತ್ತು ಕೂಲಿಗಳು. ಉತ್ತರ ಕನ್ನಡದ ಕರಾವಳಿಯಲ್ಲಿ ಗೇಣಿದಾರರ ಪರವಾಗಿ ದೊಡ್ಡ ಹೋರಾಟವೇ ನಡೆಯಿತು. ದಿನಕರ ದೇಸಾಯಿ ಅವರನ್ನ ನಾವು ಚುಟುಕು ಕವಿ ಅಂತ ನೆನೆಸಿಕೊಳ್ತೀವಿ, ಈ ಜಿಲ್ಲೆಯವರಿಗೆ ಅವರು ರೈತ ಹೋರಾಟದ ನಾಯಕರೂ ಹೌದು. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಉಳುವವನೇ ಒಡೆಯ ಆದ. ಅದು ನ್ಯಾಯ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕಾಯ್ದೆ ಗದ್ದೆಯನ್ನ ಹಂಚಿತು. ಎಲ್ಲ ಗದ್ದೆಗೂ ಸೇರಿದ ಕಟ್ಟೆಯನ್ನ ಹಂಚೋದು ಹೇಗೆ?

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಸರ್ಕಾರಿ ಖಾರ್ಲ್ಯಾಂಡ್ ಕಟ್ಟೆಗಳು. 1970ರ ದಶಕದಿಂದ ಮಣ್ಣು-ಕಲ್ಲಿನ ಗಟ್ಟಿ ಒಡ್ಡುಗಳನ್ನ ಕಟ್ಟಲಾಯಿತು. ಉದ್ದೇಶ ಒಳ್ಳೆಯದೇ, ವರ್ಷವರ್ಷದ ರಿಪೇರಿ ತಪ್ಪಿಸೋದು. ಮೊದಲು ಕಟ್ಟೆಯ ಹೊರಬದಿಯಲ್ಲಿ ಕಾಂಡ್ಲಾ ಗಿಡಗಳು ಅಲೆಯ ಹೊಡೆತ ತಡೀತಿದ್ದವು. ಹೊಸ ಒಡ್ಡು ಕಟ್ಟುವ ಕಾಮಗಾರಿಯಲ್ಲಿ ಎಷ್ಟೋ ಕಡೆ ಅವೇ ಹೋದವು. ಜೊತೆಗೆ, ಊರಿನ ಕಟ್ಟೆ ಸರ್ಕಾರದ ಕಟ್ಟೆ ಆಯ್ತು. ಸಣ್ಣ ತೂತು ಬಿದ್ದರೆ ಮೊದಲು ರಾತ್ರಿಯೇ ಓಡಿಹೋಗಿ ಮಣ್ಣು ಹಾಕುತ್ತಿದ್ದ ಕೈಗಳು ಈಗ ಅರ್ಜಿ ಬರೆಯಬೇಕಾಯಿತು. ಕಡತ ಕಚೇರಿ ತಲುಪೋದರೊಳಗೆ ಭರತ ಎಷ್ಟು ಸಲ ಬಂದು ಹೋಗಿರುತ್ತೆ ಅಂತ ನೀವೇ ಲೆಕ್ಕ ಹಾಕಿ, ದಿನಕ್ಕೆ ಎರಡು.

ಇದರ ಬೆನ್ನಿಗೇ ಸಿಗಡಿ ಬಂತು. ರಫ್ತು ಮಾರುಕಟ್ಟೆಯಲ್ಲಿ ಸಿಗಡಿಗೆ ಒಳ್ಳೆ ಬೆಲೆ. ಕಗ್ಗ ಬೆಳೆದು ಸಿಗೋದಕ್ಕಿಂತ ಗಜನಿಯನ್ನ ಗುತ್ತಿಗೆಗೆ ಕೊಟ್ಟರೆ ಸಿಗುವ ದುಡ್ಡು ಜಾಸ್ತಿ. ಯಾವ ರೈತ ಬೇಡ ಅಂತಾನೆ? ಆದರೆ ಗುತ್ತಿಗೆದಾರನಿಗೆ ಉಪ್ಪುನೀರು ವರ್ಷಪೂರ್ತಿ ಒಳಗೇ ಬೇಕು. ಭತ್ತಕ್ಕೆ ಮಳೆಗಾಲದಲ್ಲಿ ಅದು ಹೊರಗೆ ಇರಬೇಕು. ಒಂದೇ ಬಾಗಿಲಿಗೆ ಇಬ್ಬರು ಯಜಮಾನರು. ದುಡ್ಡಿದ್ದವರ ಮಾತೇ ನಡೆಯಿತು. 1990ರ ದಶಕದ ಮಧ್ಯದಲ್ಲಿ ಬಿಳಿ ಚುಕ್ಕೆ ರೋಗ ಭಾರತದ ಕರಾವಳಿಯ ಸಿಗಡಿ ಕೃಷಿಯನ್ನ ನೆಲಕಚ್ಚಿಸಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಕೊಳಗಳ ವಿರುದ್ಧ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಇಟ್ಟಿತು. ಅಷ್ಟೊತ್ತಿಗೆ ಎಷ್ಟೋ ಗಜನಿಗಳಲ್ಲಿ ಭತ್ತದ ಸರಪಳಿ ಕಡಿದುಹೋಗಿತ್ತು. ಕಗ್ಗದ ಬೀಜವನ್ನ ಬಿಡದೆ ಉಳಿಸಿಕೊಂಡು ಬಂದ ಊರುಗಳಲ್ಲಿ ಹಿರೇಗುತ್ತಿ ಪಕ್ಕದ ಮಾಣಿಕಟ್ಟಾದ ಹೆಸರು ಮುಖ್ಯ. ಅಲ್ಲಿಯ ರೈತರು ಸಾಮೂಹಿಕವಾಗಿ ಕಟ್ಟೆ ನೋಡಿಕೊಳ್ಳುವ ಪದ್ಧತಿಯನ್ನೂ ಉಳಿಸಿಕೊಂಡರು. ಬೀಜ ಉಳಿದದ್ದಕ್ಕೂ ಪದ್ಧತಿ ಉಳಿದದ್ದಕ್ಕೂ ಸಂಬಂಧ ಇದೆ.

ಈಗ ಸ್ವಲ್ಪ ನದಿ ಕಡೆ ನೋಡೋಣ. ಜಿಲ್ಲೆಯ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಯ್ತು, ಆಮೇಲೆ ಗೇರುಸೊಪ್ಪೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಇದರಿಂದ ಅಳಿವೆಗೆ ಏನು ವ್ಯತ್ಯಾಸ? ವಿದ್ಯುತ್ ಕೇಂದ್ರದಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದು ಬಂದರೆ ಅಳಿವೆಯ ಉಪ್ಪಿನ ಪ್ರಮಾಣ ಇಳಿಯುತ್ತೆ. ಬಳಚಿನಂಥ ಚಿಪ್ಪು ಜೀವಿಗಳಿಗೆ ಋತುಮಾನದ ಉಪ್ಪು ಬೇಕೇಬೇಕು. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಅವು ಬಡವಾದವು, ಅಘನಾಶಿನಿಯಲ್ಲಿ ಉಳಿದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಹೊತ್ತಿಗೆ ಹಾಕಿದ ಅಂದಾಜಿನ ಪ್ರಕಾರ, ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು ಜೀವಿಗಳು ಸಿಗ್ತಿದ್ದವು, ಬೆಲೆ ಸುಮಾರು 5.8 ಕೋಟಿ ರೂಪಾಯಿ, ನೇರ ಕೆಲಸ ಸುಮಾರು 2,300 ಜನರಿಗೆ. ಇಳಿತದ ಹೊತ್ತಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಆರಿಸುವ ಹೆಂಗಸರ ದುಡಿಮೆ ಯಾವ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲೂ ಬರಲ್ಲ. ಅವರ ಬಂಡವಾಳ ಒಂದು ಬುಟ್ಟಿ, ಮತ್ತೆ ಒಂದು ಬದುಕಿರುವ ನದಿ.

ಲೆಕ್ಕಕ್ಕೆ ಬರದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಇಲ್ಲೇ ಉದಾಹರಣೆ ಇದೆ. 2006ರ ಸುಮಾರಿಗೆ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಕಾಗದದ ಮೇಲೆ ಈ ಪ್ರದೇಶ ಖಾಲಿ ಜಾಗ, ಜವುಗು. ಊರವರು, ಮೀನುಗಾರರು, ವಿಜ್ಞಾನಿಗಳು ವಿರೋಧಿಸಿದರು. ಸ್ಥಾವರ ಇಲ್ಲಿ ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಬಂತು, ಈಗ ನದಿ ನೀರನ್ನ ಬಯಲುಸೀಮೆಗೆ ಒಯ್ಯುವ ನದಿ ಜೋಡಣೆಯ ಮಾತಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ‘ನೀರು ವ್ಯರ್ಥವಾಗಿ ಸಮುದ್ರ ಸೇರುತ್ತೆ’ ಅನ್ನುವ ವಾದ ಇದೆಯಲ್ಲ, ಅದನ್ನ ಹೇಳೋರು ಒಮ್ಮೆ ಗಜನಿಯ ಅಂಚಿಗೆ ಬಂದು ನಿಲ್ಲಬೇಕು. ಸಮುದ್ರ ಸೇರುವ ಆ ನೀರೇ ಇಲ್ಲಿ ಗೊಬ್ಬರ, ಮೀನು, ಅನ್ನ.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಸುಮಾರು 4,801 ಹೆಕ್ಟೇರ್. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ. ಮೀನುಗಾರಿಕೆ, ಬೇಸಾಯ, ಚಿಪ್ಪು ಸಂಗ್ರಹ, ಉಪ್ಪು ತಯಾರಿಕೆ ಸೇರಿ 6,000ದಿಂದ 7,500 ಕುಟುಂಬಗಳಿಗೆ ಇದು ಆಧಾರ ಅಂತ ಪಟ್ಟಿಯ ವಿವರಣೆಯೇ ಹೇಳುತ್ತೆ. ಖುಷಿಯ ವಿಷಯ. ಆದರೆ ರಾಮ್‌ಸಾರ್ ಪಟ್ಟಿ ಕಟ್ಟೆಗೆ ಒಂದು ಬುಟ್ಟಿ ಮಣ್ಣೂ ಹಾಕಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಪ್ರಸಿದ್ಧ ಲೇಖನ ಬರೆದರು. ಎಲ್ಲರಿಗೂ ಸೇರಿದ ಸಂಪತ್ತನ್ನ ಎಲ್ಲರೂ ಸೇರಿ ಹಾಳು ಮಾಡ್ತಾರೆ ಅನ್ನೋದು ಅದರ ಸಾರ. ಎಲಿನಾರ್ ಆಸ್ಟ್ರಮ್ ಬೇರೆ ಬೇರೆ ದೇಶಗಳ ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆ ನೋಡಿ ಇದು ಅನಿವಾರ್ಯ ಅಲ್ಲ ಅಂತ ತೋರಿಸಿದರು. ಬಳಸುವವರೇ ನಿಯಮ ಮಾಡಿ, ಅವರೇ ಕಾವಲು ಕಾಯುವ ಕಡೆ ಸಂಪತ್ತು ಉಳೀತದೆ ಅಂದರು. ಆ ಕೆಲಸಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗಜನಿಯ ಇತಿಹಾಸ ಓದಿದರೆ ನನಗನ್ನಿಸೋದು, ಇಬ್ಬರ ಮಾತಿಗೂ ಇಲ್ಲಿ ಸಾಕ್ಷಿ ಇದೆ. ಕಟ್ಟೆ ಊರಿನದಾಗಿದ್ದಾಗ ಮಿತಿ ಉಳಿಯಿತು. ಕಟ್ಟೆ ಯಾರದೂ ಅಲ್ಲದಾಗ ಮುರಿಯಿತು. ನಡುವೆ ಜನರ ಸ್ವಭಾವವೇನೂ ಬದಲಾಗಿರಲಿಲ್ಲ, ಜವಾಬ್ದಾರಿ ಕೈ ಬದಲಾಗಿತ್ತು ಅಷ್ಟೇ.

ಹಾಗಾದ್ರೆ ಈಗ ಏನು ಮಾಡಬೇಕು? ಒಡೆಯ-ಗೇಣಿದಾರರ ಕಾಲಕ್ಕೆ ವಾಪಸ್ ಹೋಗೋದು ಬೇಡ. ಕೂಲಿ ಮಾಡಿದವರಿಗೂ, ಬಳಚು ಆರಿಸುವವರಿಗೂ ಮಾತಿರುವ ಗಜನಿ ಸಮಿತಿ ಬೇಕು. ಬಾಗಿಲು ಯಾವಾಗ ತೆಗೆಯಬೇಕು ಅನ್ನುವ ಅಧಿಕಾರ ಅವರಿಗಿರಲಿ, ಕಟ್ಟೆಯ ಸವಕಳಿಗೆ ದುಡ್ಡು ಸರ್ಕಾರದಿಂದ ಬರಲಿ. ಯಾಕಂದ್ರೆ ಆ ಕಟ್ಟೆಯಿಂದ ಲಾಭ ಆಗೋದು ನಾಲ್ಕು ಗದ್ದೆಗೆ ಮಾತ್ರ ಅಲ್ಲ, ಕುಮಟಾ ಪೇಟೆಯಲ್ಲಿ ಮೀನು ಕೊಳ್ಳುವವರಿಗೂ. ಕಗ್ಗದ ಅಕ್ಕಿಗೆ ಸರಿಯಾದ ಬೆಲೆ ಸಿಗಲಿ. ಕಡಲಿನ ಮಟ್ಟ ಏರ್ತಾ ಇರುವ ಕಾಲದಲ್ಲಿ ಉಪ್ಪು ತಡೆಯುವ ಭತ್ತದ ಬೀಜ ಇಡೀ ಕರಾವಳಿಯ ಆಸ್ತಿ. ಅದನ್ನ ಫ್ರೀಜರ್‌ನಲ್ಲಿ ಇಟ್ಟು ಉಳಿಸಬಹುದು. ಆದರೆ ಭರತ ಬರುವ ರಾತ್ರಿ ಯಾವ ಹಲಗೆ ಮೊದಲು ಹಾಕಬೇಕು ಅನ್ನೋದು ಕೆಲವು ಹಿರಿಯರ ತಲೆಯಲ್ಲಿ ಮಾತ್ರ ಇದೆ, ಅದನ್ನ ಕಲಿಯೋಕೆ ಈಗಿನ ಹುಡುಗರು ಊರಲ್ಲಿ ಇರಬೇಕು.

ಮುಂದಿನ ಮಳೆಗಾಲಕ್ಕೆ ಮುಂಚೆ ಆ ಕಡೆ ಹೋದರೆ ಗಜನಿಯ ಕಟ್ಟೆ ಮೇಲೆ ಯಾರಾದರೂ ಮಣ್ಣು ಹಾಕ್ತಾ ಇದ್ದಾರಾ ನೋಡಿ. ಇದ್ದರೆ ನಿಂತು ಮಾತಾಡಿಸಿ.