ದ್ಯೂತವು ವ್ಯಾಪಾರವಾದೀತೇ?

ನೆಲಮಂಗಲ ತಾಲ್ಲೂಕಿನ ಮನ್ನೆ ಇಂದು ಒಂದು ಸಾಮಾನ್ಯ ಗ್ರಾಮ. ಗಂಗರ ಕಾಲದಲ್ಲಿ ಅದು ಮಾನ್ಯಪುರವೆಂಬ ರಾಜಧಾನಿಯಾಗಿತ್ತು. ಗಂಗ ಮಾರಸಿಂಹನ ಸೇನಾಪತಿಯಾಗಿದ್ದ ಶ್ರೀವಿಜಯನು ಅಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನೆಂದೂ ಅದಕ್ಕೆ ಭೂಮಿಯ ದತ್ತಿ ದೊರೆಯಿತೆಂದೂ ಕ್ರಿ.ಶ. 797ರ ತಾಮ್ರಶಾಸನ ತಿಳಿಸುತ್ತದೆ. ಹನ್ನೆರಡು ಶತಮಾನಗಳಿಗೂ ಹಿಂದೆ ಈ ಸೀಮೆಯಲ್ಲಿ ಜಿನಮಂದಿರವಿತ್ತು, ಅದನ್ನು ನಡೆಸಲು ಆದಾಯವೂ ಇತ್ತು. ಆದಾಯವಿದ್ದೆಡೆಯಲ್ಲಿ ‘ಈ ಧನ ಯಾವ ದಾರಿಯಿಂದ ಬಂದಿತು?’ ಎಂಬ ಪ್ರಶ್ನೆಯೂ ಇದ್ದೇ ಇರುತ್ತದೆ. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳಲು ಹೊರಟಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟರು. ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳ ಪಟ್ಟಿಯಲ್ಲಿ ಮೊದಲನೆಯದು ದ್ಯೂತ. ಗುಣಗಳ ಎಣಿಕೆಯೂ ವ್ಯಸನಗಳ ಎಣಿಕೆಯೂ ಹಣ ಬರುವ ದಾರಿಯಿಂದಲೇ ಆರಂಭವಾಗುವುದು ಗಮನಾರ್ಹ.

ಇಂದು ಆ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಾಗಲಿ, ದೇವನಹಳ್ಳಿ, ಹೊಸಕೋಟೆಗಳ ಹೊಸ ಬಡಾವಣೆಗಳಲ್ಲಾಗಲಿ, ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಮೊಬೈಲಿನಲ್ಲಿ ಆಟವಿದೆ, ಆಟದೊಳಗೆ ಅಂಗಡಿಯಿದೆ. ಆಟ ಉಚಿತ, ಆಯುಧಕ್ಕೆ, ಉಡುಪಿಗೆ, ಪೆಟ್ಟಿಗೆಗೆ ಬೆಲೆ. ಕೆಲವೆಡೆ ಆಟವೇ ಸ್ಪರ್ಧೆ, ಸ್ಪರ್ಧೆಗೆ ಬಹುಮಾನ. ಇದರಲ್ಲಿ ಯಾವುದು ವಿನೋದ, ಯಾವುದು ವ್ಯಾಪಾರ, ಯಾವುದು ದ್ಯೂತ ಎಂಬ ವಿವಾದವು ನ್ಯಾಯಾಲಯಗಳಲ್ಲಿಯೂ ಶಾಸನಸಭೆಗಳಲ್ಲಿಯೂ ನಡೆದಿದೆ. ಆ ವಿವಾದದ ಇತಿಹಾಸದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ.

ದೇಶದ ಕಾನೂನು ಈ ವಿಷಯದಲ್ಲಿ ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ಗೆಲುವು ಕೌಶಲ್ಯದಿಂದಲೋ, ಅದೃಷ್ಟದಿಂದಲೋ? 1867ರ ಸಾರ್ವಜನಿಕ ಜೂಜು ಕಾಯ್ದೆಯು ಕೇವಲ ಕೌಶಲ್ಯದ ಆಟಗಳಿಗೆ ವಿನಾಯಿತಿ ನೀಡಿತು. ಈ ಅಳತೆಗೋಲಿನ ದೊಡ್ಡ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಪದಬಂಧ ಸ್ಪರ್ಧೆಯ ಮೂಲಕ. ಈ ಪತ್ರಿಕೆಗೆ ಬೊಂಬಾಯಿ ಪ್ರಾಂತ್ಯದಲ್ಲಿ ಬಹುಸಂಖ್ಯೆಯ ಓದುಗರಿದ್ದರು. ಪ್ರವೇಶ ಶುಲ್ಕ ತೆತ್ತು, ಚೌಕಗಳನ್ನು ತುಂಬಿಸಿ ಕಳುಹಿಸಿದರೆ ದೊಡ್ಡ ಬಹುಮಾನದ ಆಸೆ. 1948ರ ತನ್ನ ಕಾಯ್ದೆಗೆ ಬೊಂಬಾಯಿ ಸರಕಾರವು 1952ರಲ್ಲಿ ತಿದ್ದುಪಡಿ ತಂದು, ಹೊರಗೆ ಮುದ್ರಿತವಾದ ಪತ್ರಿಕೆಗಳ ಸ್ಪರ್ಧೆಗಳಿಗೂ ಪರವಾನಗಿ ಮತ್ತು ತೆರಿಗೆಗಳನ್ನು ವಿಧಿಸಿತು. ನಡೆಸುವವರು ‘ಇದು ನಮ್ಮ ವ್ಯಾಪಾರ, ವ್ಯಾಪಾರದ ಸ್ವಾತಂತ್ರ್ಯವನ್ನು ಸಂವಿಧಾನ ಕೊಟ್ಟಿದೆ’ ಎಂದು ವಾದಿಸಿದರು.

1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ನೇತೃತ್ವದ ಸುಪ್ರೀಂ ಕೋರ್ಟಿನ ಪೀಠ ಈ ವಾದವನ್ನು ತಳ್ಳಿಹಾಕಿತು. ಆ ಪದಬಂಧದಲ್ಲಿ ಒಂದು ಸ್ಥಾನಕ್ಕೆ ಒಂದಕ್ಕಿಂತ ಹೆಚ್ಚು ಪದಗಳು ಹೊಂದುತ್ತಿದ್ದವು. ಪದ ಎಷ್ಟೇ ಯುಕ್ತವಾಗಿರಲಿ, ಸಂಪಾದಕರು ಮೊದಲೇ ನಿಶ್ಚಯಿಸಿಟ್ಟ ಉತ್ತರಕ್ಕೆ ತಾಳೆಯಾದರೆ ಮಾತ್ರ ಬಹುಮಾನ. ಅಂದಮೇಲೆ ಅದು ಪಾಂಡಿತ್ಯದ ಪರೀಕ್ಷೆಯಾಗಿರದೆ ಮುಚ್ಚಿಟ್ಟ ಉತ್ತರದ ಊಹೆಯಾಗಿತ್ತು. ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲ ಎಂದು ನ್ಯಾಯಾಲಯ ಸಾರಿತು. ಋಗ್ವೇದ, ಮಹಾಭಾರತ, ಮನು, ಯಾಜ್ಞವಲ್ಕ್ಯ ಮೊದಲಾದವರು ದ್ಯೂತವನ್ನು ಕಂಡ ಬಗೆಯನ್ನೂ ತೀರ್ಪು ಸ್ಮರಿಸಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಗಣನೀಯ ಪ್ರಮಾಣದ ಕೌಶಲ್ಯ ಬೇಕಾಗುವ ಸ್ಪರ್ಧೆಗಳು ಜೂಜಿನ ವರ್ಗಕ್ಕೆ ಸೇರುವುದಿಲ್ಲವೆಂದು ಗೆರೆ ಎಳೆಯಲಾಯಿತು. ಮುಂದಿನ ಅರವತ್ತೈದು ವರ್ಷಗಳ ವಾದವೆಲ್ಲ ಈ ಗೆರೆಯ ಮೇಲೆಯೇ ನಡೆಯಿತು.

ಆದರೆ ವ್ಯಾಪಾರವೇ ದ್ಯೂತವಾಗಿ ಮಾರ್ಪಡುವ ಸಂದರ್ಭಗಳೂ ಉಂಟು. ವ್ಯಾಪಾರಿ ಸಮಾಜಗಳು ಇದನ್ನು ಮರೆಯಬಾರದು. ಊರೂರಿನಲ್ಲಿ ‘ಓಸಿ’ ಎಂದು ಕುಖ್ಯಾತವಾದ ಮಟ್ಕಾ ಹುಟ್ಟಿದ್ದು ಬೊಂಬಾಯಿಯ ಹತ್ತಿ ಪೇಟೆಯ ಮಗ್ಗುಲಲ್ಲಿ. ನ್ಯೂಯಾರ್ಕಿನಿಂದ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಜನ ಹಣ ಕಟ್ಟುತ್ತಿದ್ದರು. ಅಲ್ಲಿ ಹತ್ತಿಯ ಒಂದು ಎಳೆಯೂ ಕೈ ಬದಲಾಗುತ್ತಿರಲಿಲ್ಲ. ಸರಕು ಮಾಯವಾಗಿ ಅಂಕೆ ಮಾತ್ರ ಉಳಿದಾಗ ಪೇಟೆ ಜೂಜುಕಟ್ಟೆಯಾಯಿತು. ಸರಕಾರಗಳೂ ಈ ಮೋಹದಿಂದ ಹೊರತಾಗಿರಲಿಲ್ಲ. ಲಾಟರಿಯ ಆದಾಯವನ್ನು ವರ್ಷಗಳ ಕಾಲ ಅನುಭವಿಸಿದ ಕರ್ನಾಟಕ ಸರಕಾರವು 2007ರಲ್ಲಿ ಅದನ್ನು ನಿಷೇಧಿಸಿತು.

ಮೊಬೈಲ್ ಬಂದ ಮೇಲೆ ಹಳೆಯ ಗೆರೆ ಮತ್ತೆ ಪರೀಕ್ಷೆಗೊಳಗಾಯಿತು. ಹಣ ಕಟ್ಟಿ ಆಡುವ ರಮ್ಮಿ, ಕ್ರಿಕೆಟ್ ತಂಡ ಕಟ್ಟುವ ಆಟ ಮುಂತಾದವುಗಳನ್ನು ನಡೆಸುವ ದೊಡ್ಡ ಕಂಪನಿಗಳು ಬೆಂಗಳೂರಿನಲ್ಲಿಯೇ ನೆಲೆಯೂರಿದವು. ಕರ್ನಾಟಕ ಸರಕಾರವು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, 2021ರ ಅಕ್ಟೋಬರ್ 5ರಿಂದ ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲ್ಯದ ಭೇದವೆಣಿಸದೆ, ಅಪರಾಧವೆಂದು ಘೋಷಿಸಿತು. ನಾಲ್ಕು ತಿಂಗಳಲ್ಲಿ, 2022ರ ಫೆಬ್ರವರಿ 14ರಂದು, ಕರ್ನಾಟಕ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. ಕೌಶಲ್ಯದ ಆಟವು ಹಣವಿಟ್ಟು ಆಡಿದ ಮಾತ್ರಕ್ಕೆ ಜೂಜಾಗದು, ಅದನ್ನು ನಡೆಸುವುದು ವ್ಯಾಪಾರದ ಹಕ್ಕಿಗೆ ಸೇರಿದ್ದು ಎಂಬುದು ತೀರ್ಪಿನ ತಿರುಳು.

ಇಲ್ಲಿ ಶಾಸ್ತ್ರದ ದೃಷ್ಟಿ ಬೇರೆಯ ದಾರಿ ಹಿಡಿಯುತ್ತದೆ. ಸಪ್ತವ್ಯಸನಗಳ ಕಥೆಗಳಲ್ಲಿ ಜೈನ ಕಥೆಗಾರರು ದ್ಯೂತಕ್ಕೆ ನಿದರ್ಶನವಾಗಿ ಆರಿಸಿಕೊಂಡದ್ದು ಧರ್ಮರಾಯನನ್ನು. ಹಸ್ತಿನಾವತಿಯ ಸಭೆಯಲ್ಲಿ ಗೆದ್ದವನು ಶಕುನಿ. ಅವನು ಪಗಡೆಯಲ್ಲಿ ಪರಮ ಕುಶಲ. ಅವನ ಕೌಶಲ್ಯವು ಆ ಆಟವನ್ನು ಶುದ್ಧಗೊಳಿಸಲಿಲ್ಲ. ಎದುರಾಳಿಯ ಸರ್ವನಾಶವನ್ನು ಇನ್ನಷ್ಟು ಖಚಿತಗೊಳಿಸಿತು. ರಾಜ್ಯ, ತಮ್ಮಂದಿರು, ಕೊನೆಗೆ ಪತ್ನಿಯೂ ಪಣವಾದಳು.

ಇದಕ್ಕೆ ಎದುರಾಗಿ ಇನ್ನೊಂದು ಆಟವನ್ನು ಇಡಬಹುದು. ಪಶ್ಚಿಮ ಭಾರತದ ಜೈನರಲ್ಲಿ ‘ಜ್ಞಾನ ಚೌಪಡ್’ ಎಂಬ ಆಟ ಬಳಕೆಯಲ್ಲಿತ್ತು. 84 ಮನೆಗಳುಳ್ಳ ಅದರ ಹಳೆಯ ಪಟಗಳು ಉಳಿದುಬಂದಿವೆ. ಪುಣ್ಯದ ಏಣಿ ಏರಿ, ಪಾಪದ ಹಾವಿನಿಂದ ಜಾರಿ, ಕೊನೆಗೆ ಸಿದ್ಧಶಿಲೆ ತಲುಪುವ ಆಟವದು. ಇಂದಿನ ಹಾವು-ಏಣಿಯ ಪೂರ್ವಜರಲ್ಲಿ ಅದೂ ಒಂದು. ಅದರಲ್ಲಿ ಕೌಶಲ್ಯ ಲವಲೇಶವೂ ಇಲ್ಲ, ದಾಳ ಬಿದ್ದಂತೆ ನಡೆ. ಆದರೂ ಅದನ್ನು ಧರ್ಮಬೋಧೆಗೆ ಬಳಸಿದರು, ಏಕೆಂದರೆ ಅಲ್ಲಿ ಪಣವಿರಲಿಲ್ಲ. ಸೋತವನ ಮನೆಯಿಂದ ಗೆದ್ದವನ ಮನೆಗೆ ಏನೂ ಹೋಗುತ್ತಿರಲಿಲ್ಲ.

ಶಕುನಿಯ ಆಟ ಕೌಶಲ್ಯಪೂರ್ಣವಾದರೂ ದ್ಯೂತ; ಜ್ಞಾನ ಚೌಪಡ್ ಕೇವಲ ಅದೃಷ್ಟದ್ದಾದರೂ ನಿರ್ದೋಷ. ಆದುದರಿಂದ ಶ್ರಾವಕನು ಕೇಳಬೇಕಾದ ಪ್ರಶ್ನೆ ಕೌಶಲ್ಯ-ಅದೃಷ್ಟಗಳದ್ದಲ್ಲ. ಪಣವಿದೆಯೇ? ಪರರ ನಷ್ಟವೇ ತನ್ನ ಲಾಭವಾಗುವುದೇ? ಆಡುವವನ ಮನಸ್ಸು ಆ ಲಾಭಕ್ಕೆ ಅಂಟಿಕೊಳ್ಳುವುದೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಆಟದ ಸ್ವರೂಪ ತಾನಾಗಿ ತಿಳಿಯುತ್ತದೆ. ವ್ಯಾಪಾರದಲ್ಲಿಯೂ ಅಪಾಯವಿದೆ, ನಷ್ಟವಿದೆ. ಆದರೆ ಪ್ರಾಮಾಣಿಕ ವ್ಯಾಪಾರದಲ್ಲಿ ಕೊಂಡವನಿಗೆ ಸರಕು, ಕೊಟ್ಟವನಿಗೆ ಬೆಲೆ. ಇಬ್ಬರೂ ಏನನ್ನಾದರೂ ಪಡೆದು ಮನೆಗೆ ಹೋಗುತ್ತಾರೆ.

ಈ ದೃಷ್ಟಿಯಿಂದ ಆಟದೊಳಗಿನ ಅಂಗಡಿಯನ್ನು ನೋಡಬೇಕು. 2006ರಲ್ಲಿ ‘ಆಬ್ಲಿವಿಯನ್’ ಎಂಬ ಆಟದಲ್ಲಿ ಕುದುರೆಯ ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಲು ಹೊರಟಾಗ ಆಟಗಾರರು ನಕ್ಕರು, ಕೆರಳಿದರು. ಆಟಕ್ಕೆ ಒಮ್ಮೆ ಬೆಲೆ ತೆತ್ತಿರುವಾಗ ಮತ್ತೆ ಇದೇನು ಎಂಬುದು ಅವರ ಆಕ್ಷೇಪ. ಆದರೂ ಅಲ್ಲಿ ವಸ್ತು ಯಾವುದು, ಬೆಲೆ ಎಷ್ಟು ಎಂಬುದು ತಿಳಿದಿತ್ತು. ಅಂಥ ಅಲಂಕಾರದ ಖರೀದಿಯು ಪರಿಗ್ರಹ ಪರಿಮಾಣ ವ್ರತದ ಎಲ್ಲೆಯೊಳಗೆ ಬರುವ ಪ್ರಶ್ನೆ. ಇಷ್ಟು ಸಾಕೆಂಬ ಮಿತಿಯನ್ನು ಗೃಹಸ್ಥನೇ ಹಾಕಿಕೊಳ್ಳಬೇಕು. ಹಣ ಕೊಟ್ಟವನಿಗೆ ಹೆಚ್ಚು ಬಲದ ಆಯುಧ ದೊರೆಯುವುದು ಎರಡನೆಯ ಬಗೆ. ಅಲ್ಲಿ ಸ್ಪರ್ಧೆಯೇ ಮಾರಾಟಕ್ಕಿಟ್ಟಂತೆ. ಬಡವನ ಅಭ್ಯಾಸಕ್ಕಿಂತ ಧನಿಕನ ಥೈಲಿ ಮೇಲಾಗುತ್ತದೆ.

ಮೂರನೆಯದು ಮುಚ್ಚಿದ ಪೆಟ್ಟಿಗೆ. ಹಣ ಕೊಟ್ಟ ಮೇಲೆ ಮಾತ್ರ ಒಳಗೇನಿದೆಯೆಂದು ತಿಳಿಯುತ್ತದೆ. ಬೇಕಾದದ್ದು ಬಾರದಿದ್ದರೆ ಇನ್ನೊಂದು ಪೆಟ್ಟಿಗೆ, ಮತ್ತೊಂದು ಪೆಟ್ಟಿಗೆ. ಇದರ ಮೇಲೆ ಲೋಕದಾದ್ಯಂತ ಕೋಲಾಹಲವೆದ್ದಿತು. ಒಂದು ಪೂರ್ಣ ಗುಂಪು ಕೂಡುವವರೆಗೆ ಚೀಟಿ ಎತ್ತಿಸುವ ಪದ್ಧತಿಯನ್ನು ಜಪಾನ್ 2012ರಲ್ಲಿ ಕಾನೂನುಬಾಹಿರವೆಂದಿತು. ಪೆಟ್ಟಿಗೆಯಲ್ಲಿ ಯಾವುದು ಬರುವ ಸಂಭವ ಎಷ್ಟೆಂದು ಪ್ರಕಟಿಸಬೇಕೆಂದು ಚೀನಾ 2017ರಲ್ಲಿ ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದ ತಯಾರಕರು ಆಟಗಾರರ ಆಕ್ರೋಶಕ್ಕೆ ಮಣಿದು ಆಟದೊಳಗಿನ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ನಮ್ಮಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧಗೊಂಡು, 2021ರ ಜುಲೈಯಲ್ಲಿ ಅದರ ಭಾರತೀಯ ರೂಪ ಬಿಡುಗಡೆಯಾದಾಗ, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಆಟ, ದಿನಕ್ಕೆ 7,000 ರೂಪಾಯಿಯ ಖರ್ಚು ಎಂಬ ಮಿತಿಯನ್ನು ಕಂಪನಿ ಇಟ್ಟಿತು. ಮಿತಿಯೇ ಇಷ್ಟಾದರೆ ಎಷ್ಟು ಮನೆಗಳ ತಿಂಗಳ ದಿನಸಿ ಅದರೊಳಗೆ ಅಡಗಬಹುದೆಂಬುದನ್ನು ತಂದೆತಾಯಿಗಳೇ ಎಣಿಸಬೇಕು.

ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ, ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯದರ ಹೆಸರಿನಲ್ಲಿ ಬೇರೆಯದನ್ನು ಕೊಡುವುದು, ಇವೆರಡೂ ಕೊಳ್ಳುವವನ ಅಜ್ಞಾನದ ಮೇಲೆ ನಿಂತ ಲಾಭಗಳು. ಪೆಟ್ಟಿಗೆಯ ಸಂಭವಗಳನ್ನು ಮಾರುವವನು ಬಲ್ಲ, ಕೊಳ್ಳುವ ಬಾಲಕ ಅರಿಯ. 1957ರ ಪದಬಂಧದ ಮುಚ್ಚಿಟ್ಟ ಉತ್ತರವೂ ಈ ಪೆಟ್ಟಿಗೆಯೂ ಒಂದೇ ಕುಲದವು.

ಇನ್ನು ಸ್ಪರ್ಧೆಯ ಮಾತು. ವಿಡಿಯೋ ಆಟದ ಸ್ಪರ್ಧೆಯನ್ನು ಕೇವಲ ವ್ಯರ್ಥ ಕಾಲಹರಣವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಸ್ಪರ್ಧೆಯಲ್ಲಿ ಭಾರತದ ತಂಡ ಕಂಚು ಗೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇ-ಸ್ಪೋರ್ಟ್ಸ್‌ನ ಹೊಣೆಯನ್ನು ಕ್ರೀಡಾ ಇಲಾಖೆಗೆ ವಹಿಸಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಸ್ಪರ್ಧೆಯಾಯಿತು. ಏಕಾಗ್ರತೆ, ಅಭ್ಯಾಸ, ತಂಡದ ಹೊಂದಾಣಿಕೆ ಇವು ಅಲ್ಲಿಯೂ ಬೇಕು. ಶಾಸ್ತ್ರಕಾರರು ಹೇಳಿದ ಅನರ್ಥದಂಡದ ಎಚ್ಚರ, ಅಂದರೆ ಪ್ರಯೋಜನವಿಲ್ಲದ ಹಿಂಸಾಭಾವ ಮತ್ತು ಪ್ರಮಾದದ ಎಚ್ಚರ, ಅಲ್ಲಿಗೂ ಅನ್ವಯಿಸುತ್ತದೆ. ಆದರೆ ಸ್ಪರ್ಧೆ ಎಂಬ ಒಂದೇ ಕಾರಣಕ್ಕೆ ಅದು ದ್ಯೂತವಾಗದು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಆಟಗಳನ್ನು ಮೂರಾಗಿ ವಿಂಗಡಿಸಿತು: ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ. ಮೊದಲ ಎರಡಕ್ಕೆ ಉತ್ತೇಜನ. ಮೂರನೆಯದಕ್ಕೆ, ಕೌಶಲ್ಯವಿರಲಿ ಅದೃಷ್ಟವಿರಲಿ, ನಿಷೇಧ. ಅಂಥ ಆಟ ನಡೆಸಿದವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರನ್ನು ದಂಡಿಸದೆ ನೊಂದವರೆಂದೇ ಕಂಡಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟು ಸೇರಿದಂತೆ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಸಾಂವಿಧಾನಿಕ ಪ್ರಶ್ನೆಯ ತೀರ್ಮಾನ ನ್ಯಾಯಾಲಯದ್ದು. ಆದರೆ ನೂರೈವತ್ತು ವರ್ಷಗಳ ಬಳಿಕ ಶಾಸನವು ಕೌಶಲ್ಯದ ಗೆರೆಯನ್ನು ದಾಟಿ ಪಣದ ಗೆರೆಗೆ ಬಂದು ನಿಂತದ್ದು ಇತಿಹಾಸದ ಸಂಗತಿ. ವ್ಯಸನಗಳ ಪಟ್ಟಿ ಮಾಡಿದ ಆಚಾರ್ಯರು ನಿಂತ ಜಾಗವೂ ಅದೇ.

ಇಷ್ಟಾದರೂ ಕಾನೂನು ಮುಟ್ಟದ ಒಂದು ಜಾಗ ಉಳಿಯುತ್ತದೆ. ಇ-ಸ್ಪೋರ್ಟ್ಸ್ ಸ್ಪರ್ಧೆಗೆ ಪ್ರವೇಶ ಶುಲ್ಕವನ್ನೂ ಬಹುಮಾನವನ್ನೂ ಕಾಯ್ದೆ ಒಪ್ಪುತ್ತದೆ. ರಜೆಯ ಶಿಬಿರದಲ್ಲಿ ಯುವಕರಿಗಾಗಿ ಇಂಥ ಸ್ಪರ್ಧೆ ಏರ್ಪಡಿಸಬೇಕೆಂಬ ಮನವಿ ಬಸದಿಯ ಟ್ರಸ್ಟಿನ ಮುಂದೆ ಬಂದರೆ ಅಲ್ಲಿ ವಿವೇಚನೆ ಬೇಕು. ದಾನಿಯೊಬ್ಬರು ಕೊಟ್ಟ ಪುಸ್ತಕವನ್ನೋ ಫಲಕವನ್ನೋ ಗೆದ್ದವನು ಪಡೆದರೆ ಅದು ಪುರಸ್ಕಾರ. ಐವತ್ತು ಮಕ್ಕಳು ತಲಾ ನೂರು ರೂಪಾಯಿ ಹಾಕಿ, ಒಬ್ಬನು ಐದು ಸಾವಿರ ಒಯ್ದರೆ, ರಸೀದಿಯಲ್ಲಿ ಪ್ರವೇಶ ಶುಲ್ಕವೆಂದು ಬರೆದರೂ ಲೆಕ್ಕದಲ್ಲಿ ಅದು ಪಣವೇ. ಹಾಗೆಯೇ ಹಣದ ಆಟದಿಂದ ಬಂದ ಗಳಿಕೆಯನ್ನು ಕಾಣಿಕೆಯಾಗಿ ಸ್ವೀಕರಿಸುವ ಮುನ್ನ ಆಶಾಧರರ ಮೊದಲ ಪದವನ್ನು ನೆನೆಯಬೇಕು.

ಮನೆಯಲ್ಲಿ ಮಕ್ಕಳಿಂದ ಮೊಬೈಲ್ ಕಿತ್ತುಕೊಳ್ಳುವುದರಿಂದ ಭಯ ಹುಟ್ಟೀತು, ವಿವೇಕ ಹುಟ್ಟದು. ಅವರ ಜೊತೆ ಕುಳಿತು, ಈ ಪೆಟ್ಟಿಗೆಯಲ್ಲಿ ಏನಿದೆಯೆಂದು ನಿನಗೆ ಗೊತ್ತೇ, ನೀನು ಗೆದ್ದ ಹಣ ಯಾರದು ಎಂದು ಕೇಳುವುದು ಮೇಲು. ಅಂಗಡಿಯ ಗದ್ದುಗೆಯ ಮೇಲೆ ಕುಳಿತ ಹಿರಿಯರು ಪ್ರತಿ ಸಂಜೆ ಲೆಕ್ಕ ತಾಳೆ ನೋಡುವಾಗ ಕೇಳಿಕೊಳ್ಳುವುದೂ ಇದೇ ಪ್ರಶ್ನೆ. ಅದನ್ನು ಮಕ್ಕಳಿಗೆ ದಾಟಿಸಿದರೆ ಮೊದಲನೆಯ ವ್ಯಸನವು ಮನೆಯ ಹೊಸ್ತಿಲು ದಾಟಲಾರದು.